ಇಟಗಿ ಗುಡಿಯ ಅಬ್‌ಸ್ಟ್ರ್ಯಾಕ್ಟ್ ಫೋಟೋ: ಕಿಟ್ ಲೆನ್ಸ್ ಸಾಕಾ ಅಂತ ಕೇಳಿದವರಿಗೆ

ಬಳ್ಳಾರಿಯ ಗೆಳೆಯರು ಕೇಳಿದ್ದು ಇಷ್ಟು: ಕೊಪ್ಪಳ ಜಿಲ್ಲೆಯ ಇಟಗಿ ಮಹಾದೇವ ಗುಡಿಗೆ ಹೊರಟಿದ್ದೇನೆ, ಎಲ್ಲರೂ ತೆಗೆಯುವ ಶಿಖರದ ಫೋಟೋ ಬೇಡ, ಅಬ್‌ಸ್ಟ್ರ್ಯಾಕ್ಟ್ ಆಗಿ, ಅಂದರೆ ಬರೀ ಗೆರೆ, ನೆರಳು, ಆಕಾರವಾಗಿ ತೆಗೆಯಬೇಕು, ಇರುವುದು 18-55 ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಜೂಮ್ ಲೆನ್ಸ್) ಮತ್ತು ಫೋನ್, ಸಾಕಾ? ಸಾಕು. ನಾನು ಕೊಪ್ಪಳದವನು, ವರ್ಷಕ್ಕೆ ನಾಲ್ಕೈದು ಸಲ ಅಲ್ಲಿಗೆ ಹೋಗುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಈ ಪ್ರಶ್ನೆಗೆ ಇನ್ನೊಬ್ಬರು "ಫೋಟೋ ತೆಗೆಯುವಾಗ ಕ್ಯಾಮೆರಾ ಅಲ್ಲಾಡಿಸಿದರೆ ಆಯ್ತು" ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲ ಎರಡು ಸಲ ನಾನೂ ಅದನ್ನೇ ಮಾಡಿದೆ. ಮನೆಗೆ ಬಂದು ನೋಡಿದರೆ ಬರೀ ಕಂದು ಗೆರೆಗಳು. ಅವು ಇಟಗಿಯವೋ, ಬಸ್ ಸ್ಟ್ಯಾಂಡಿನ ಗೋಡೆಯವೋ, ಹೇಳುವ ಹಾಗಿರಲಿಲ್ಲ. ಶಿಖರ ಕಾಣದಿದ್ದರೂ ನಡೆಯುತ್ತದೆ. ಆದರೆ ಆ ಕಲ್ಲಿನ ಕೆಲಸ ಒಂದಾದರೂ ಚಿತ್ರದಲ್ಲಿ ಉಳಿಯಬೇಕು, ಅಲ್ವಾ? ಇಲ್ಲದಿದ್ದರೆ ಅಷ್ಟು ದೂರ ಯಾಕೆ ಹೋಗಬೇಕು?

ಆ ಕಲ್ಲು ಬಳಪದ ಕಲ್ಲು. ಕಣ ತುಂಬಾ ಸಣ್ಣ, ಉಳಿಗೆ ಮೆತ್ತಗೆ ಸಿಗುತ್ತದೆ. ಅದಕ್ಕೇ ಅಂಚುಗಳು ಅಷ್ಟು ಚೂಪು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, 1112ರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತದೆ. ಒಂಬೈನೂರು ವರ್ಷ ಆದಮೇಲೂ ತಿರುಗಣಿ ಕಂಬದ (ತಿರುಗಿಸಿ ಕಡೆದ ಕಂಬದ) ಸುತ್ತಲಿನ ಬಳೆಗಳು ಈಗ ತಾನೇ ಯಂತ್ರದಿಂದ ಇಳಿಸಿದ ಹಾಗಿವೆ. ನಿಮ್ಮ ಇಡೀ ದಿನವನ್ನು ಆ ಕಂಬಗಳಿಗೇ ಕೊಟ್ಟರೂ ನಷ್ಟವಿಲ್ಲ.

ಕಂಬದ ಹತ್ತಿರ ಹೋಗಿ. ಲೆನ್ಸ್ 55ಕ್ಕೆ ತಿರುಗಿಸಿ, ಫೋಕಸ್ ಹಿಡಿಯುವಷ್ಟು ಹತ್ತಿರ, ಸುಮಾರು ಒಂದು ಅಡಿಗೆ ಬನ್ನಿ. ಕಂಬದ ತಲೆಯೂ ಬೇಡ, ಬುಡವೂ ಬೇಡ. ನಾಲ್ಕು ಬಳೆ, ನಡುವಿನ ಕತ್ತಲೆ, ಅಷ್ಟೇ ಇರಲಿ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಹಾಗಾಗಿ ಮುಂಜಾನೆಯ ಬಿಸಿಲು ತೆರೆದ ಮಂಟಪದೊಳಗೆ ನೇರ ನುಗ್ಗಿ ಕಂಬದ ಒಂದು ಮಗ್ಗುಲಿಗೆ ಬೀಳುತ್ತದೆ. ಇನ್ನೊಂದು ಮಗ್ಗುಲು ಕಪ್ಪು. ಎಕ್ಸ್‌ಪೋಷರ್ ಒಂದು ಸ್ಟಾಪ್ ಕಮ್ಮಿ ಮಾಡಿದರೆ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿದರೆ, ನೆರಳು ಪೂರಾ ಮುಳುಗಿ, ಬೆಳಕಿನ ಗೆರೆಗಳು ಮಾತ್ರ ಉಳಿಯುತ್ತವೆ. ಕಪ್ಪುಬಿಳುಪಿಗೆ ಇದಕ್ಕಿಂತ ಒಳ್ಳೆ ವಸ್ತು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಹೊಳಪು ಉಳಿದ ಕಡೆ ಇನ್ನೊಂದು ಕೆಲಸವಿದೆ. ದುಂಡು ಕಂಬ ಉಬ್ಬುಗನ್ನಡಿ ಇದ್ದ ಹಾಗೆ. ಪಕ್ಕದ ಕಂಬಗಳು, ಆಚೆಯ ಆಕಾಶ, ಎಲ್ಲ ಒಂದು ಬೆರಳಗಲದ ಪಟ್ಟಿಗೆ ಕುಗ್ಗಿ ನಿಲ್ಲುತ್ತವೆ. ಇಲ್ಲಿ ಆಟೋಫೋಕಸ್ ಗೊಂದಲ ಮಾಡಿಕೊಳ್ಳುತ್ತದೆ, ಕೈಯಿಂದ ಹಿಡಿಯಿರಿ. ಉಬ್ಬಿದ ಮೈಯಲ್ಲಿ ಬಿಂಬ ಕಲ್ಲಿನ ಮೇಲ್ಮೈಗೆ ಹತ್ತಿರವೇ ಇರುತ್ತದೆ. ಚಪ್ಪಟೆ ಮೈಯಲ್ಲಿ ಹಾಗಲ್ಲ. ಕ್ಯಾಮೆರಾದಿಂದ ಕಲ್ಲಿಗೆ, ಕಲ್ಲಿನಿಂದ ಎದುರಿನ ವಸ್ತುವಿಗೆ, ಎರಡೂ ದೂರ ಸೇರಿಸಿ ಫೋಕಸ್ ಮಾಡಬೇಕು. ಪೋಲರೈಸರ್ (ಪ್ರತಿಫಲನ ಕಮ್ಮಿ ಮಾಡುವ ಫಿಲ್ಟರ್) ಇದ್ದರೆ ಓರೆಯಾಗಿ ನಿಂತು ತಿರುಗಿಸಿ ನೋಡಿ, ಬಿಂಬ ಬರುವುದು ಹೋಗುವುದು ಕಾಣುತ್ತದೆ. ನೇರ ಎದುರು ನಿಂತರೆ ಏನೂ ಆಗುವುದಿಲ್ಲ. ಒಂದು ವಿನಂತಿ, ಹೊಳಪಿಗಾಗಿ ಕಲ್ಲಿಗೆ ನೀರು, ಎಣ್ಣೆ ಸವರಬೇಡಿ. ಹಾಗೆ ಮಾಡುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಕ್ಯಾಮೆರಾ ಅಲ್ಲಾಡಿಸಲೇಬೇಕು ಅಂದರೆ ಲೆಕ್ಕ ಹೀಗಿದೆ. ಸುಡು ಬಿಸಿಲಲ್ಲಿ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು) 16 ಇಟ್ಟರೆ ಶಟರ್ ಸುಮಾರು 1/100 ಸೆಕೆಂಡು. ಎಫ್ 22ಕ್ಕೆ ಇಳಿಸಿದರೂ 1/50. ಅಷ್ಟರಲ್ಲಿ ಕೈಯ ಚಲನೆ ಕಾಣುವುದಿಲ್ಲ, ಬರೀ ಶೇಕ್ ಆದ ಫೋಟೋ ಬರುತ್ತದೆ. ಬೆಳಕು ಕಮ್ಮಿ ಮಾಡುವ, ಮೂರು ಸ್ಟಾಪಿನ ಎನ್‌ಡಿ8 ಫಿಲ್ಟರ್ ಹಾಕಿದರೆ 1/6 ಆಗುತ್ತದೆ, ಅದು ಸರಿ. ಫಿಲ್ಟರ್ ಇಲ್ಲದಿದ್ದರೆ ಮಂಟಪದ ಒಳಗೆ ಹೋಗಿ, ಅಲ್ಲಿ ನೆರಳೇ ಫಿಲ್ಟರ್. ಕ್ಯಾಮೆರಾವನ್ನು ಕಂಬದ ಉದ್ದಕ್ಕೆ ಮೇಲಿಂದ ಕೆಳಗೆ ಎಳೆದರೆ ಕಂಬದ ಅಂಚು ನೆಟ್ಟಗೆ ಉಳಿದು ಬಳೆಗಳು ಮಾತ್ರ ಕರಗುತ್ತವೆ. ಅಡ್ಡ ಎಳೆದರೆ ಬಳೆಯ ಗೆರೆ ಉಳಿಯುತ್ತದೆ, ಕಂಬ ಕರಗುತ್ತದೆ. ಯಾವುದು ಉಳಿಯಬೇಕು ಅಂತ ಮೊದಲೇ ಯೋಚಿಸಿ ಎಳೆಯಿರಿ. ಮೊದಲೆರಡು ಸಲ ನಾನು ತಪ್ಪಿದ್ದು ಇಲ್ಲೇ. ಎಫ್ 22ರಲ್ಲಿ ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕೆಯಾಗಿ ಕಾಣುತ್ತದೆ, ನಮ್ಮ ಕಡೆಯ ಧೂಳು ಗೊತ್ತಲ್ಲ. ಹೊರಡುವ ಮೊದಲೇ ಸ್ವಚ್ಛ ಮಾಡಿಕೊಳ್ಳಿ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ, ಮನೆಯಲ್ಲೇ ಬಿಡಿ.

ಮಧ್ಯಾಹ್ನ ಸುಮ್ನೆ ಕೂರಬೇಡಿ. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ನಮ್ಮ ನೆತ್ತಿಯ ಮೇಲೇ ಸೂರ್ಯ ಇರುತ್ತಾನೆ. ಮಾಮೂಲಿ ಫೋಟೋಗೆ ಅದು ಕೆಟ್ಟ ಬೆಳಕು. ಹೊರಗೋಡೆಗೆ ಮಾತ್ರ ಅದೇ ಬೇಕು. ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಒಂದೊಂದು ಚಾಚು, ಒಂದೊಂದು ಪುಟ್ಟ ಗೋಪುರ ತನ್ನ ಉದ್ದ ನೆರಳನ್ನು ಕೆಳಗೆ ಬಿಡುತ್ತದೆ. ಆ ನೆರಳಿಗೇ ಫ್ರೇಮ್ ಹಾಕಿ. ಕಾಲಡಿಯ ಕಲ್ಲು ಕಾದಿರುತ್ತದೆ, ದಪ್ಪ ಕಾಲುಚೀಲ ಇರಲಿ.

ಗುಡಿಯ ಹೊಂಡದಲ್ಲಿ ನೀರಿದ್ದರೆ ಮೆಟ್ಟಿಲುಗಳ ಬಿಂಬ ತೆಗೆದು ತಲೆಕೆಳಗು ಮಾಡಿ ನೋಡಿ. ಗಾಳಿ ಸಣ್ಣಗೆ ಬೀಸುವಾಗ ಚೆನ್ನಾಗಿ ಬರುತ್ತದೆ.

ಫೋನಿನಲ್ಲಿ ರಾ (ಫೋನ್ ತಾನೇ ತಿದ್ದದ ಕಚ್ಚಾ ಫೈಲ್) ಇಡಿ. ಇಲ್ಲದಿದ್ದರೆ ಅದು ತಾನೇ ನೆರಳನ್ನು ಬೆಳಗಿಸಿ, ಅಂಚನ್ನು ಜಾಸ್ತಿ ಚೂಪು ಮಾಡಿ, ಇಟಗಿಯ ನಿಜವಾದ ಅಂಚನ್ನೇ ಮುಚ್ಚಿಬಿಡುತ್ತದೆ.

ಬಂದ ಮೇಲೆ ಮೂರೇ ಫೋಟೋ ಇಲ್ಲಿ ಹಾಕಿ. ಕ್ರಾಪ್ ಮಾಡದ ಮೂಲವನ್ನೂ ಜೊತೆಗೆ ಹಾಕಿ, ಯಾವ ಕಂಬದ ಹತ್ತಿರ ಎಲ್ಲಿ ನಿಂತಿದ್ದಿರಿ ಅಂತಲೂ ಬರೆಯಿರಿ. ಮುಂದಿನ ಸಲ ನಾನು ಹೋದಾಗ ಅಲ್ಲೇ ನಿಂತು ನೋಡುತ್ತೇನೆ.