ಮಾರಿಯೊ ಬಾವಾ ಅವರನ್ನು ದೊಡ್ಡ ನಿರ್ದೇಶಕರೆಂದು ಏಕೆ ಪರಿಗಣಿಸಬೇಕು?
ಇಟಲಿಯ ಮಾರಿಯೊ ಬಾವಾ (1914–1980) ಕಥೆಗಿಂತ ಹೆಚ್ಚಾಗಿ ಬೆಳಕಿನಿಂದಲೇ ಭಯವನ್ನು ಕಟ್ಟಿದವರು. ಹೆಚ್ಚಾಗಿ ಕಡಿಮೆ ಬಂಡವಾಳದ ಚಿತ್ರಗಳಲ್ಲಿ ದುಡಿದುದರಿಂದ ಅವರಿಗೆ ಸಲ್ಲಬೇಕಾದ ಮನ್ನಣೆ ಬದುಕಿದ್ದಾಗ ಸಲ್ಲಲಿಲ್ಲ.

ಅವರು ಮೂಲತಃ ಛಾಯಾಗ್ರಾಹಕರು. ಅವರು ಛಾಯಾಗ್ರಹಣ ಮಾಡಿದ 1957ರ ‘ಇ ವಾಂಪಿರಿ’ಯಲ್ಲಿ ಸುಂದರಿಯೊಬ್ಬಳು ನಮ್ಮ ಕಣ್ಣೆದುರೇ ಮುದುಕಿಯಾಗುತ್ತಾಳೆ. ಮುಖದ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಸುಕ್ಕುಗಳು ಕೆಂಪು ಬೆಳಕಿನಲ್ಲಿ ಚರ್ಮದೊಂದಿಗೆ ಬೆರೆತು ಮರೆಯಾಗಿರುತ್ತವೆ. ಬೆಳಕನ್ನು ಮೆಲ್ಲನೆ ಹಸಿರು-ನೀಲಿಯತ್ತ ತಿರುಗಿಸಿದಾಗ ಅವು ಕಪ್ಪಾಗಿ ಎದ್ದು ಕಾಣುತ್ತವೆ, ಮತ್ತು ಚಿತ್ರ ಕಪ್ಪು-ಬಿಳುಪಿನದಾದ್ದರಿಂದ ಬೆಳಕು ಬದಲಾದದ್ದು ಪ್ರೇಕ್ಷಕರ ಅರಿವಿಗೇ ಬರುವುದಿಲ್ಲ. ಎಷ್ಟು ಸರಳ, ಎಷ್ಟು ಸುಂದರ!

ಬಣ್ಣದ ಸಿನಿಮಾಗಳಿಗೆ ಬಂದಾಗ ಅವರು ಅದೇ ಬಣ್ಣದ ಬೆಳಕನ್ನು ಮುಚ್ಚಿಡದೆ ತೆರೆಗೆ ತಂದರು: ಫ್ಯಾಷನ್ ಮಳಿಗೆಯೊಂದರ ಸುತ್ತ ನಡೆಯುವ ಕೊಲೆಗಳ 1964ರ ಚಿತ್ರದಲ್ಲಿ ಹಸಿರು, ನೇರಳೆ, ಕೆಂಪು ಬೆಳಕುಗಳೇ ಕತ್ತಲೆಗೆ ಜೀವ ತುಂಬುತ್ತವೆ.