ಓಲೆಗರಿ ಪಟ್ಟಿ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರದ ಸಣ್ಣ ಗ್ರಂಥಾಲಯ. ಹಳೇ ಮನೆಗಳಿಂದ ಬಂದ ಓಲೆಗರಿ ಕಟ್ಟುಗಳು, ಕೈಬರಹದ ಯಕ್ಷಗಾನ ಪ್ರಸಂಗಗಳು ಸುಮಾರಿವೆ. ಇವನ್ನು ಪಟ್ಟಿ ಮಾಡಲು ಕಲೆಕ್ಟಿವ್‌ಆಕ್ಸೆಸ್ ಅನ್ನುವ ತಂತ್ರಾಂಶ ಒಳ್ಳೇದು ಅಂತ ಕೇಳಿ, ಮೊದಲು ಲ್ಯಾಪ್‌ಟಾಪ್‌ನಲ್ಲಿ ಡಾಕರ್ (ತಂತ್ರಾಂಶಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಮೂಲಕ ಹಾಕಿದೆ. ಫಾರ್ಮ್ ಸರಿಯಾದ ಮೇಲೆ ಸರ್ವರ್‌ಗೆ ಹಾಕುವ ಯೋಚನೆ. ರಾತ್ರಿ ಎಲ್ಲ ನಿಲ್ಲಿಸಲು 'ಡಾಕರ್ ಕಂಪೋಸ್ ಡೌನ್' ಕೊಟ್ಟು ಮಲಗಿದೆ. ಬೆಳಗ್ಗೆ 'ಅಪ್' ಕೊಟ್ಟರೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅನ್ನುತ್ತಿದೆ! ನಮೂದಿಸಿದ್ದೆಲ್ಲ ಹೋಯಿತಾ? ಇನ್ನೊಂದು, ಹಳೇ ಓಲೆಗರಿಗಳ ತಿಗಳಾರಿ ಲಿಪಿಯಲ್ಲೇ ಕೃತಿಯ ಹೆಸರು ಹಾಕಬಹುದಾ?

ಉತ್ತರ: ಗಾಬರಿ ಬೇಡ, ಹೋಗಿರಲಿಕ್ಕಿಲ್ಲ. ಡೌನ್ ಜೊತೆ 'ಹೈಫನ್ ವಿ' ಹಾಕಿದ್ದರೆ ಮಾತ್ರ ಆಸೆ ಬಿಡಿ, ಅದು ವಾಲ್ಯೂಮ್‌ಗಳನ್ನೂ (ಡಾಕರ್ ಡೇಟಾ ಇಡುವ ಜಾಗ) ಅಳಿಸುತ್ತದೆ. ನೀವು ಹಾಕಿಲ್ಲ ಅಲ್ವಾ?

ಆಗಿದ್ದು ಇಷ್ಟು. ಡೌನ್ ಕೊಟ್ಟರೆ ಕಂಟೇನರ್ ಹೋಗುತ್ತದೆ, ಅದು ಹೋಗಬೇಕಾದದ್ದೇ. ಡೇಟಾ ಇರುವುದು ವಾಲ್ಯೂಮ್‌ನಲ್ಲಿ. ನಿಮ್ಮ ಕಂಪೋಸ್ ಫೈಲಿನಲ್ಲಿ (ಯಾವ ಕಂಟೇನರ್ ಹೇಗೆ ಓಡಬೇಕು ಅಂತ ಬರೆದ ಫೈಲ್) ಮೈಎಸ್‌ಕ್ಯುಎಲ್ ಡೇಟಾಬೇಸಿಗೆ ಹೆಸರಿಟ್ಟ ವಾಲ್ಯೂಮ್ ಇರಲಿಕ್ಕಿಲ್ಲ. ಹಾಗಿದ್ದಾಗ ಡಾಕರ್ ತಾನೇ ಒಂದು ಅನಾಮಿಕ ವಾಲ್ಯೂಮ್ ಮಾಡಿಕೊಳ್ಳುತ್ತದೆ, ಆದರೆ ಮುಂದಿನ ಸಲ ಅಪ್ ಕೊಟ್ಟಾಗ ಹಳೆಯದನ್ನು ಹುಡುಕದೆ ಇನ್ನೊಂದು ಖಾಲಿ ವಾಲ್ಯೂಮ್ ತೆರೆದು ಕೂರುತ್ತದೆ. ಹಳೆಯದು ಡಿಸ್ಕಿನಲ್ಲೇ ಬಿದ್ದಿರುತ್ತದೆ.

ಈಗ 'ಡಾಕರ್ ವಾಲ್ಯೂಮ್ ಎಲ್‌ಎಸ್' ಕೊಡಿ. 64 ಅಕ್ಷರ-ಅಂಕಿಗಳ ಉದ್ದುದ್ದ ಹೆಸರುಗಳು ಕಾಣುತ್ತವೆ. ಒಂದೊಂದಕ್ಕೂ 'ಡಾಕರ್ ವಾಲ್ಯೂಮ್ ಇನ್‌ಸ್ಪೆಕ್ಟ್' ಕೊಟ್ಟು ಹುಟ್ಟಿದ ತಾರೀಕು ನೋಡಿ, ನೀವು ಕೆಲಸ ಮಾಡಿದ ದಿನದ್ದು ಸಿಗುತ್ತದೆ. ಡೇಟಾಬೇಸ್ ನಿಲ್ಲಿಸಿ, ಆಲ್ಪೈನ್ ಅನ್ನುವ ಪುಟ್ಟ ಲಿನಕ್ಸ್‌ನ ಒಂದು ಕಂಟೇನರ್‌ಗೆ ಆ ಹಳೇ ವಾಲ್ಯೂಮನ್ನೂ ಹೆಸರಿಟ್ಟ ಹೊಸದನ್ನೂ ಜೋಡಿಸಿ, 'ಸಿಪಿ ಹೈಫನ್ ಎ' ಮೂಲಕ ಅದರಿಂದ ಇದಕ್ಕೆ ನಕಲು ಮಾಡಿ. ಆಮೇಲೆ ಕಂಪೋಸ್ ಫೈಲಿನಲ್ಲಿ ಆ ಹೆಸರನ್ನೇ ಮೈಎಸ್‌ಕ್ಯುಎಲ್‌ನ ಡೇಟಾ ಫೋಲ್ಡರಿಗೆ ಕಟ್ಟಿ. ಮೈಎಸ್‌ಕ್ಯುಎಲ್ ವರ್ಷನ್ ಹಿಂದಿನದೇ ಇರಲಿ. ಪಾಸ್‌ವರ್ಡ್ ಕೂಡ ಹಳೆಯದೇ, ಯಾಕಂದ್ರೆ ಕಂಪೋಸ್ ಫೈಲಿನಲ್ಲಿ ಬರೆದ ಪಾಸ್‌ವರ್ಡ್ ಕೆಲಸಕ್ಕೆ ಬರುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ. ಇದೆಲ್ಲ ಮುಗಿಯುವ ತನಕ 'ಪ್ರೂನ್' ಅನ್ನುವ ಆಜ್ಞೆಯ ಹತ್ತಿರ ಸುಳಿಯಬೇಡಿ. ಜಾಗ ಉಳಿಸೋಕೆ ಅಂತ ಯಾರೋ ಸುಮ್ನೆ ಹೇಳಿಕೊಡುತ್ತಾರೆ, ಅದು ಬಳಕೆಯಲ್ಲಿಲ್ಲದ ಅನಾಮಿಕ ವಾಲ್ಯೂಮ್‌ಗಳನ್ನೇ ಗುಡಿಸಿ ಹಾಕುತ್ತದೆ.

ಓಲೆಗರಿಯ ಫೋಟೋಗಳು ಡೇಟಾಬೇಸಿನಲ್ಲಿ ಇರುವುದಿಲ್ಲ, ಮೀಡಿಯಾ ಫೋಲ್ಡರಿನಲ್ಲಿರುತ್ತವೆ. ಅದನ್ನೂ ಕಂಟೇನರ್‌ನ ಹೊರಗಿನ ಒಂದು ಫೋಲ್ಡರಿಗೆ ಕಟ್ಟಿ. ಬ್ಯಾಕಪ್ ಅಂದರೆ ಮೈಎಸ್‌ಕ್ಯುಎಲ್ ಡಂಪ್ (ಡೇಟಾಬೇಸಿನ ನಕಲು ಫೈಲ್) ಮತ್ತು ಈ ಫೋಲ್ಡರ್, ಎರಡೂ.

ಒಂದು ಮಾತು ನೀವು ಕೇಳದೇ ಇದ್ದರೂ ಹೇಳಬೇಕು. ಪ್ರಸಂಗದ ಹೆಸರು, ಗರಿಗಳ ಸಂಖ್ಯೆ, ಲಿಪಿ, ಯಾವ ಮನೆಯಿಂದ ಬಂತು ಅನ್ನುವ ಕಾಲಂಗಳನ್ನು ಪರದೆಯ ಮೇಲೆ ಕ್ಲಿಕ್ ಮಾಡಿ ಸೇರಿಸುತ್ತಿದ್ದರೆ ಅದೆಲ್ಲ ಡೇಟಾಬೇಸಿನೊಳಗೇ ಉಳಿಯುತ್ತದೆ. ಅದರ ಬದಲು ಇನ್‌ಸ್ಟಾಲೇಶನ್ ಪ್ರೊಫೈಲ್ ಅನ್ನುವ ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದಿಡಿ. ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಬೇಕಾದರೂ ಕೆಡವಿ ಕಟ್ಟಬಹುದು. ಕೊನೆಗೆ ಸರ್ವರ್‌ಗೆ ಹೋಗಬೇಕಾದದ್ದು ಆ ಫೈಲ್, ನಿಮ್ಮ ಪರೀಕ್ಷೆಯ ಡೇಟಾಬೇಸ್ ಅಲ್ಲ. ನನಗೆ ಕೇಳಿದರೆ, ಪ್ರೊಫೈಲ್ ಕುದುರುವ ತನಕ ನಾಲ್ಕೈದು ಕಟ್ಟುಗಳಿಗಿಂತ ಜಾಸ್ತಿ ನಮೂದಿಸಲೇಬೇಡಿ.

ತಿಗಳಾರಿ ವಿಷಯ. ಆಗುತ್ತದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ (ಕಂಪ್ಯೂಟರ್ ಅಕ್ಷರಗಳ ಜಾಗತಿಕ ಮಾನದಂಡ) 16ಕ್ಕೆ ಸೇರಿತು. ಆದರೆ ಕನ್ನಡ, ಮಲಯಾಳಂ ಅಕ್ಷರಗಳು ಯುಟಿಎಫ್-8 ಅನ್ನುವ ಅಕ್ಷರ ಉಳಿಸುವ ಕ್ರಮದಲ್ಲಿ 3 ಬೈಟ್ ತಗೊಂಡರೆ ತಿಗಳಾರಿಯವು 4 ಬೈಟ್ ತಗೊಳ್ಳುತ್ತವೆ. ಮೈಎಸ್‌ಕ್ಯುಎಲ್‌ನ ಹಳೇ 'ಯುಟಿಎಫ್8' ಟೇಬಲ್‌ಗೆ 3 ಬೈಟ್ ತನಕ ಮಾತ್ರ ಹಿಡಿಸುತ್ತದೆ. ಹಾಗಾಗಿ ಕನ್ನಡದಲ್ಲಿ ಎಲ್ಲ ಸರಿಯಾಗಿ ನಡೆದು, ತಿಗಳಾರಿ ಹಾಕಿದ ಕೂಡಲೇ 'ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಅಂತ ಮುಖ ತಿರುಗಿಸಬಹುದು. ಟೇಬಲ್ 'ಯುಟಿಎಫ್8ಎಂಬಿ4' ಆಗಿರಬೇಕು. 'ಶೋ ಕ್ರಿಯೇಟ್ ಟೇಬಲ್' ಕೊಟ್ಟರೆ ಕೊನೆಯ ಸಾಲಿನಲ್ಲೇ ಕಾಣುತ್ತದೆ. ಅಕ್ಷರದ ಬದಲು ಪರದೆಯಲ್ಲಿ ಚೌಕ ಬಂದರೆ ಅದು ಫಾಂಟ್ ಇಲ್ಲದ ತೊಂದರೆ, ದಾಖಲೆ ಸರಿಯಾಗೇ ಇರುತ್ತದೆ. ಏನೇ ಆದರೂ ಅದೇ ಹೆಸರನ್ನು ಕನ್ನಡ ಲಿಪಿಯಲ್ಲೂ ಇನ್ನೊಂದು ಕಾಲಂನಲ್ಲಿ ಹಾಕಿ, ಹುಡುಕಲು ಬರುವವರಲ್ಲಿ ಹೆಚ್ಚಿನವರು ಟೈಪ್ ಮಾಡುವುದು ಅದನ್ನೇ.