‘ಹರಿಬಿಡಲಾಗುತ್ತಿದೆ’ ಅಂದರೆ, ಬಿಟ್ಟವರು ಯಾರು?

ನಮಸ್ಕಾರ.

ಬೆಂಗಳೂರಿನ ಬೆಳ್ಳಂದೂರು ಕೆರೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಯಮಲೂರು ಕೋಡಿ ಹತ್ತಿರ ನೊರೆ ಹಾರಿ ಬಂದು ಸ್ಕೂಟರಿನವರ ಹೆಲ್ಮೆಟ್ಟಿಗೆ ಮೆತ್ತಿಕೊಳ್ಳುವುದನ್ನು ಚೆನ್ನಾಗಿ ಬರೆದಿದ್ದೀರಿ. ಆ ಸಾಲು ಮುಟ್ಟಬೇಡಿ.

ಎರಡನೇ ಪ್ಯಾರಾಗೆ ಬಂದಾಗ ಮಾತ್ರ ಸಿಟ್ಟು ಬಂತು.

“ಕೆರೆಗೆ ಕೊಳಚೆ ನೀರು ಹರಿಬಿಡಲಾಗುತ್ತಿದೆ.” ಬಿಟ್ಟವರು ಯಾರು? ಊರಿನ ಒಳಚರಂಡಿ ನೋಡಿಕೊಳ್ಳಬೇಕಾದ್ದು ಜಲಮಂಡಳಿ. ಹಾಗಂತಲೇ ಬರೆಯಿರಿ.

“ಕೈಗಾರಿಕಾ ತ್ಯಾಜ್ಯ ಸೇರ್ಪಡೆಯಾಗುತ್ತಿದೆ.” ಇಲ್ಲೂ ಯಾರೂ ಇಲ್ಲ. ಕಾರ್ಖಾನೆಗೆ ಒಪ್ಪಿಗೆ ಕೊಡೋದು, ತಪ್ಪಿದರೆ ಬಾಗಿಲು ಹಾಕಿಸೋದು ಎರಡೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಲಿದೆ. 1974ರ ಜಲ ಕಾಯ್ದೆಯಲ್ಲೇ ಆ ಅಧಿಕಾರ ಇದೆ. ಅದನ್ನು ಎಷ್ಟು ಸಲ ಬಳಸಿದರು, ಕೇಳಿದ್ರಾ?

“ಸೂಕ್ತ ಕ್ರಮ ಕೈಗೊಳ್ಳಬೇಕಾಗಿದೆ.” ಇದು ಸರ್ಕಾರಿ ಕಡತದ ಭಾಷೆ, ನಿಮ್ಮದಲ್ಲ. ಕೆರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸುಪರ್ದಿಯಲ್ಲಿತ್ತು. ಮಳೆನೀರು ಹರಿಯುವ ರಾಜಕಾಲುವೆ ಪಾಲಿಕೆಯದ್ದು. ಕೊಳಚೆ ಜಲಮಂಡಳಿಯದ್ದು. ಕೆರೆಗಳಿಗೇ ಅಂತ 2014ರ ಕಾಯ್ದೆಯಲ್ಲಿ ಒಂದು ಪ್ರಾಧಿಕಾರ ಮಾಡಿದರು. 2018ರಲ್ಲಿ ಸರ್ಕಾರ ಅದನ್ನೂ ಮುಚ್ಚಿ, ಹೊಣೆಯನ್ನು ಸಣ್ಣ ನೀರಾವರಿ ಇಲಾಖೆ ಕಡೆ ದಾಟಿಸಿತು. ಅದೇ ವರ್ಷ ಜನವರಿಯಲ್ಲಿ ಕೆರೆ ಹೊತ್ತಿ ಉರಿದಾಗ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. ಇಷ್ಟು ಕಚೇರಿಗಳಿದ್ದೂ ಕೆರೆಗೆ ಒಬ್ಬ ಯಜಮಾನ ಇರಲಿಲ್ಲ. ನಿಮ್ಮ ಲೇಖನದ ಜೀವ ಇಲ್ಲೇ ಇದೆ. ನೀವು ಅದನ್ನು ‘ಲಾಗುತ್ತಿದೆ’, ‘ಬೇಕಾಗಿದೆ’ಗಳ ಕೆಳಗೆ ಹೂತುಬಿಟ್ಟಿದ್ದೀರಿ.

ನಾನು ಕೆಲಸ ಕಲಿಯುವಾಗ ಬರೆದ ಮೊದಲ ವರದಿ ಒಂದು ಹಳ್ಳ ಕೆಟ್ಟ ಬಗ್ಗೆ. ಡೆಸ್ಕಿನ ಹಿರಿಯರು ಕೆಂಪು ಪೆನ್ನಿನಲ್ಲಿ ಏಳು ಕಡೆ ‘ಯಾರು?’ ಅಂತ ಗೀಚಿ ವಾಪಸ್ ಕೊಟ್ಟರು. ಮರುದಿನ ಬಸ್ಸು ಹತ್ತಿ ಹೋದೆ. ಒಂದು ಕಚೇರಿಯಲ್ಲಿ ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದರು, ಇನ್ನೊಂದರಲ್ಲೂ ಅದೇ ಮಾತು. ಸಂಜೆ ಹೊತ್ತಿಗೆ ಐದಕ್ಕೆ ಉತ್ತರ ಸಿಕ್ಕಿತ್ತು. ಉಳಿದ ಎರಡಕ್ಕೆ ‘ಕೇಳಿದೆ, ಹೇಳಲಿಲ್ಲ’ ಅಂತ ಬರೆದೆ, ಕಚೇರಿಯ ಹೆಸರು ಸಮೇತ. ಡೆಸ್ಕಿನ ಹಿರಿಯರು ಆ ಎರಡು ಸಾಲನ್ನೇ ವರದಿಯ ತಲೆಗೆ ಏರಿಸಿದರು.

ಎರಡನೇ ಪ್ಯಾರಾ ಹೊಸದಾಗಿ ಬರೆಯಿರಿ. ಅದಕ್ಕೂ ಮೊದಲು ಜಲಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಈ ಕೆರೆಗೆ ಬರುವ ಕೊಳಚೆಯಲ್ಲಿ ಎಷ್ಟು ಶುದ್ಧಿಯಾಗಿ ಬರುತ್ತೆ, ಎಷ್ಟು ಹಾಗೇ ಬರುತ್ತೆ ಅಂತ ಕೇಳಿ. ಉತ್ತರ ಕೊಡಲು ಅವರಿಗೆ 30 ದಿನ ಇದೆ. ನಾನು ಕಾಯ್ತೀನಿ.